ಚಿಕ್ಕ ಬ್ಯಾಟರಿ, ಉದ್ದ ದಾರಿ: ನಮ್ಮ ಕಡೆ ಎಲೆಕ್ಟ್ರಿಕ್ ಕಾರು ಓಡಿಸುವವರಿಗೆ

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಫಿಸಿಕ್ಸ್ ಪಾಠ ಮಾಡುವುದು ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ. ಹೋಗಿ ಬರಲು ಹೆಚ್ಚುಕಮ್ಮಿ 120 ಕಿ.ಮೀ. ಕಾರು 24 ಯೂನಿಟ್ ಬ್ಯಾಟರಿಯ ಚಿಕ್ಕ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್. ಬ್ರೋಷರ್‌ನಲ್ಲಿ ಕಿಲೋವಾಟ್ ಅವರ್ ಅಂತ ಬರೆದಿರುತ್ತಾರಲ್ಲ, ಅದೇ ಬೆಸ್ಕಾಂ ಬಿಲ್ಲಿನ ಯೂನಿಟ್. ಕೊಳ್ಳುವಾಗ ಕಾಗದದಲ್ಲಿ ಒಂದು ಫುಲ್ ಚಾರ್ಜಿಗೆ 300 ಕಿ.ಮೀ.ಗೂ ಮೇಲೆ ಬರೆದಿತ್ತು. ಅದು ಲ್ಯಾಬಿನಲ್ಲಿ, ರೋಲರ್ ಮೇಲೆ, ಎಸಿ ಹಾಕದೆ, ನಿಧಾನಕ್ಕೆ ಓಡಿಸಿ ತೆಗೆದ ಲೆಕ್ಕ. ಹೈವೇಯಲ್ಲಿ ನನಗೆ ಸಿಗುವುದು 160ರಿಂದ 170.

‘ಅಷ್ಟೇನಾ?’ ಅಂತ ಎಲ್ಲರೂ ಕೇಳುತ್ತಾರೆ. ಅಷ್ಟೇ. ಆದರೆ ಅಷ್ಟರಲ್ಲೇ ದಿನದ ಓಡಾಟ ನಡೆಯುತ್ತೆ, ಬೆಂಗಳೂರಿಗೂ ಹೋಗಿ ಬರುತ್ತೇವೆ, ತವರಿಗೂ ಹೋಗುತ್ತೇನೆ. ನಿಮ್ಮ ಕಾರು ಬೇರೆಯದಾದರೆ ಕೆಳಗಿನ ಅಂಕಿಗಳು ಬದಲಾಗುತ್ತವೆ, ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ಕಿಲೋಮೀಟರ್ ಬಿಡಿ, ಪರ್ಸೆಂಟ್ ನೋಡಿ

ಡ್ಯಾಶ್‌ಬೋರ್ಡಿನಲ್ಲಿ ‘ಇನ್ನು ಇಷ್ಟು ಕಿ.ಮೀ.’ ಅಂತ ತೋರಿಸುತ್ತಲ್ಲ, ಅದನ್ನು ನಂಬಿ ಹೊರಡಬೇಡಿ. ನೀವು ಈಚೆಗೆ ಹೇಗೆ ಓಡಿಸಿದ್ದೀರಿ ಅಂತ ನೋಡಿ ಕಾರು ಹಾಕುವ ಅಂದಾಜು ಅದು. ನಿನ್ನೆ ಪಿ.ಜೆ. ಬಡಾವಣೆ, ಮಂಡಿಪೇಟೆ ಅಂತ ಊರೊಳಗೇ ಸುತ್ತಿದ್ದರೆ ಬೆಳಗ್ಗೆ 200 ತೋರಿಸುತ್ತೆ. ಬೈಪಾಸ್ ಹತ್ತಿದ ಸ್ವಲ್ಪ ಹೊತ್ತಿಗೆ ಅದೇ ಅಂಕಿ ಸರಸರ ಇಳಿಯುತ್ತೆ. ಹೊಸಬರಿಗೆ ಎದೆ ಢವಢವ ಅನ್ನುವುದು ಅಲ್ಲೇ. ಕಾರಿಗೆ ಏನೂ ಆಗಿರುವುದಿಲ್ಲ, ನಿನ್ನೆಯ ಊರೊಳಗಿನ ಲೆಕ್ಕವನ್ನು ಇವತ್ತಿನ ಹೈವೇಗೆ ಹಾಕಿರುತ್ತೆ, ಅಷ್ಟೇ.

ಬ್ಯಾಟರಿ ಪರ್ಸೆಂಟ್ ಮಾತ್ರ ನೋಡಿ. ‘ನನ್ನ ಕಾರು ಈ ದಾರಿಯಲ್ಲಿ, ಈ ಸ್ಪೀಡಿನಲ್ಲಿ, ಒಂದು ಪರ್ಸೆಂಟಿಗೆ ಎಷ್ಟು ಓಡುತ್ತೆ?’ ಇದೊಂದು ಗೊತ್ತಾದರೆ ಅರ್ಧ ಭಯ ಹೋಯಿತು. ಕಂಡುಹಿಡಿಯೋದು ಸುಲಭ. ಹೈವೇ ಹತ್ತಿದ ಮೇಲೆ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಪರ್ಸೆಂಟ್ ನೆನಪಿಡಿ. ಒಂದೇ ಸ್ಪೀಡಿನಲ್ಲಿ ಒಂದು ಇಪ್ಪತ್ತು, ಮೂವತ್ತು ಪರ್ಸೆಂಟ್ ಇಳಿಯುವ ತನಕ ಹೋಗಿ. ಓಡಿದ ಕಿ.ಮೀ.ಯನ್ನು ಇಳಿದ ಪರ್ಸೆಂಟಿನಿಂದ ಭಾಗಿಸಿ. ಬರೀ ಐದು ಪರ್ಸೆಂಟ್ ನೋಡಿ ಲೆಕ್ಕ ಹಾಕಿದರೆ ತಪ್ಪು ಜಾಸ್ತಿ ಬರುತ್ತೆ.

ನನ್ನ ಕಾರಿಗೆ, ಇಬ್ಬರು ಕೂತು, ಎಸಿ ಹಾಕಿ ಬಂದದ್ದು ಹೀಗೆ. 60ರಲ್ಲಿ ಹೋದರೆ ಪರ್ಸೆಂಟಿಗೆ 2 ಕಿ.ಮೀ., 80ರಲ್ಲಿ 1.7, 100ರಲ್ಲಿ 1.3. ಇದನ್ನು ಚೀಟಿಯಲ್ಲಿ ಬರೆದು ಸನ್‌ವೈಸರ್ ಒಳಗೆ ಸಿಕ್ಕಿಸಿದ್ದೇನೆ. ದುರ್ಗ 60 ಕಿ.ಮೀ. 80ರಲ್ಲಿ ಹೋದರೆ 35 ಪರ್ಸೆಂಟ್, 100ರಲ್ಲಿ ಹೋದರೆ 46. ಹೋಗಿ ಬಂದರೆ ಮೊದಲನೆಯದರಲ್ಲಿ 30 ಪರ್ಸೆಂಟ್ ಮಿಗುತ್ತೆ, ಎರಡನೆಯದರಲ್ಲಿ 8.

ಉಳಿಯುವ ಸಮಯ ಎಷ್ಟು ಗೊತ್ತಾ? 60 ಕಿ.ಮೀ.ಗೆ 80ರಲ್ಲಿ 45 ನಿಮಿಷ, 100ರಲ್ಲಿ 36. ಒಂಬತ್ತು ನಿಮಿಷ ಉಳಿಸೋಕೆ ಹನ್ನೊಂದು ಪರ್ಸೆಂಟ್, ಅಂದರೆ ಎರಡೂವರೆ ಯೂನಿಟ್‌ಗಿಂತ ಜಾಸ್ತಿ ಖರ್ಚು. ಅದನ್ನು ಮನೆಯ 15 ಆಂಪ್ ಪ್ಲಗ್ಗಿನಲ್ಲಿ ವಾಪಸ್ ತುಂಬಿಸೋಕೆ ಮುಕ್ಕಾಲು ಗಂಟೆ ಮೇಲೇ ಬೇಕು. ಸ್ಟಾಫ್ ರೂಮಿನಲ್ಲಿ ಒಬ್ಬರು ಮೇಷ್ಟ್ರು ‘80ರಲ್ಲಿ ಹೋದರೆ ಲಾರಿಯವರೂ ಹಾರ್ನ್ ಹೊಡೀತಾರೆ ಮೇಡಂ’ ಅಂತಾರೆ. ಹೊಡೆಯಲಿ ಬಿಡಿ, ಎಡಗಡೆ ಲೇನ್ ಇರೋದೇ ಅದಕ್ಕೆ.

ಇನ್ನೊಂದು ವಿಷಯ. ಈಗಿನ ಬಹಳಷ್ಟು ಕಾರುಗಳಲ್ಲಿ ಇರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಜೊತೆ ಕಬ್ಬಿಣ, ಫಾಸ್ಫೇಟ್ ಇರುವ ಬ್ಯಾಟರಿ. ಅದರ ವೋಲ್ಟೇಜ್ ನಡುವೆ ಅಷ್ಟಾಗಿ ಏರಿಳಿಯುವುದಿಲ್ಲ, ಹಾಗಾಗಿ ಎಷ್ಟು ಉಳಿದಿದೆ ಅಂತ ಕಾರಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ಬರೀ 40ರಿಂದ 80, 40ರಿಂದ 80 ಅಂತ ತಿಂಗಳುಗಟ್ಟಲೆ ಚಾರ್ಜ್ ಮಾಡಿದರೆ ಪರ್ಸೆಂಟೇ ಸುಳ್ಳು ಹೇಳೋಕೆ ಶುರುಮಾಡುತ್ತೆ, 22 ಇದ್ದದ್ದು ಇದ್ದಕ್ಕಿದ್ದಂತೆ 15 ಆಗಬಹುದು. ಆಗಾಗ ಮನೆಯ ನಿಧಾನ ಚಾರ್ಜಿನಲ್ಲಿ 100 ತುಂಬಿಸಿದರೆ ಲೆಕ್ಕ ಸರಿಹೋಗುತ್ತೆ. ನಿಮ್ಮದು ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಬ್ಯಾಟರಿಯಾದರೆ ಪದ್ಧತಿ ಬೇರೆ, ದಿನಬಳಕೆಗೆ 80ಕ್ಕೇ ನಿಲ್ಲಿಸುವುದು ಒಳ್ಳೆಯದು. ಯಾವುದು ಅಂತ ಕಾರಿನ ಮ್ಯಾನುಯಲ್‌ನಲ್ಲಿ ಇರುತ್ತೆ, ಒಮ್ಮೆ ತೆಗೆದು ನೋಡಿ.

ಏರಿಗಲ್ಲ, ಗಾಳಿಗೆ ಹೆದರಿ

ದಾವಣಗೆರೆಯಿಂದ ದುರ್ಗಕ್ಕೆ ಹೋಗುವಾಗ ಏರು, ಬರುವಾಗ ಇಳಿಜಾರು, ಹಾಗಾಗಿ ಬರುವಾಗ ಚಾರ್ಜ್ ಉಳಿಯುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಇದನ್ನು ಕ್ಲಾಸಿನಲ್ಲಿ ಮಕ್ಕಳ ಕೈಲೇ ಲೆಕ್ಕ ಮಾಡಿಸುತ್ತೇನೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ ಸುಮಾರು 730. ಏರು 130 ಮೀಟರ್. ಜನ ಸೇರಿ ಕಾರಿನ ತೂಕ 1,350 ಕೆ.ಜಿ. ಅಂತ ಇಟ್ಟುಕೊಳ್ಳಿ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಬರುವುದು ಅರ್ಧ ಯೂನಿಟ್ಟಿಗೂ ಚೂರು ಕಡಿಮೆ. 24 ಯೂನಿಟ್ ಬ್ಯಾಟರಿಯಲ್ಲಿ ಎರಡೇ ಪರ್ಸೆಂಟ್! ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಹತ್ತಿದರೂ ಬರೀ ಏರಿನ ಬಾಬ್ತು ಐದು ಪರ್ಸೆಂಟ್ ಆಸುಪಾಸು.

ಗಾಳಿ ಹಾಗಲ್ಲ. ಕಾರಿಗೆ ಬಡಿಯುವ ಗಾಳಿಯ ತಡೆ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ನೀವು 80ರಲ್ಲಿ ಹೋಗುತ್ತಿದ್ದು, ಎದುರಿನಿಂದ 20ರ ವೇಗದಲ್ಲಿ ಗಾಳಿ ಬೀಸುತ್ತಿದ್ದರೆ ಗಾಳಿಯ ಮಟ್ಟಿಗೆ ನೀವು 100ರಲ್ಲಿ ಹೋದ ಹಾಗೆ. ತಡೆ ಒಂದೂವರೆ ಪಟ್ಟು ಮೀರುತ್ತೆ. ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತೆ ಅಂತ ಬೇರೆ ಹೇಳಬೇಕಾ? ಅದು ಬರುವುದು ಪಡುವಣದಿಂದ. ದಾವಣಗೆರೆಯಿಂದ ದುರ್ಗ ಇರುವುದು ಮೂಡಣಕ್ಕೆ, ಒಂಚೂರು ತೆಂಕಣಕ್ಕೆ ವಾಲಿ. ಬೆಳಗ್ಗೆ ಹೋಗುವಾಗ ಗಾಳಿ ಬೆನ್ನಿಗೆ, ಏರಿದ್ದರೂ ಸಲೀಸು. ಸಂಜೆ ಬರುವಾಗ ಎದುರಿಗೆ, ಇಳಿಜಾರಿದ್ದರೂ ಕಷ್ಟ. ಜೂನ್‌ನಿಂದ ಆಗಸ್ಟ್ ತನಕ ನನಗೆ ವಾಪಸ್ ಬರೋಕೆ 35ರ ಬದಲು 42, 43 ಪರ್ಸೆಂಟ್ ಹೋಗುವುದುಂಟು. ಭರಮಸಾಗರ ದಾಟಿ ಬಯಲಿಗೆ ಬಂದಾಗ ಸ್ಟೀರಿಂಗ್‌ನಲ್ಲೇ ಅದು ಗೊತ್ತಾಗುತ್ತೆ.

ಗಾಳಿ ಯಾವ ಕಡೆಯಿಂದ ಅಂತ ತಿಳಿಯೋಕೆ ದುರ್ಗದವರಿಗೆ ಫೋನ್ ಬೇಡ, ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನು ನೋಡಿದರೆ ಸಾಕು. ಅವು ಯಾವಾಗಲೂ ಗಾಳಿ ಬರುವ ದಿಕ್ಕಿಗೇ ಮುಖ ಮಾಡುತ್ತವೆ. ರಸ್ತೆಯಲ್ಲಿ ಹೋಗುವಾಗ ನಿಮ್ಮ ಮುಂದಿರುವ ಫ್ಯಾನು ನಿಮ್ಮ ಕಡೆ ಮುಖ ಮಾಡಿದ್ದು, ರೆಕ್ಕೆಗಳು ಕಂಬದ ಈಚೆಗೆ ಕಂಡರೆ ಗಾಳಿ ನಿಮ್ಮ ಬೆನ್ನಿಗಿದೆ. ಬೆನ್ನು ತೋರಿಸಿಕೊಂಡು ನಿಂತಿದ್ದು, ಉದ್ದನೆಯ ಪೆಟ್ಟಿಗೆ ಈಚೆಗೆ, ರೆಕ್ಕೆ ಕಂಬದ ಆಚೆಗೆ ಕಂಡರೆ ಗಾಳಿ ಎದುರಿಗಿದೆ. ಹಾಗಿದ್ದರೆ 70ಕ್ಕೆ ಇಳಿಸಿ. ನಾನು ಕಾಲೇಜಿನ ಗೇಟು ದಾಟುವ ಮೊದಲು ಗುಡ್ಡದ ಕಡೆ ಒಮ್ಮೆ ನೋಡಿ, ಆಮೇಲೆ ಎಷ್ಟರಲ್ಲಿ ಹೋಗಬೇಕು ಅಂತ ತೀರ್ಮಾನಿಸುತ್ತೇನೆ.

ಎಸಿ ಬಗ್ಗೆ ಜನ ಹೆದರುವಷ್ಟು ಹೆದರಬೇಕಿಲ್ಲ. ಬಿಸಿಲಲ್ಲಿ ಕಾದ ಕಾರನ್ನು ತಣ್ಣಗೆ ಮಾಡುವ ಮೊದಲ ಹತ್ತು ಹದಿನೈದು ನಿಮಿಷಕ್ಕೇ ಜಾಸ್ತಿ ಕರೆಂಟ್ ಬೇಕಾಗುವುದು. ಆಮೇಲೆ ಕಡಿಮೆ. ಹಾಗಾಗಿ ಪ್ಲಗ್ ತೆಗೆಯುವ ಮೊದಲೇ, ಮನೆ ಕರೆಂಟಿನಲ್ಲೇ ಎಸಿ ಹಾಕಿ ತಣ್ಣಗೆ ಮಾಡಿಕೊಳ್ಳಿ. ಕಾಲೇಜಿನಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸಿ. ಹೊರಡುವಾಗ ನಾಲ್ಕೂ ಬಾಗಿಲು ತೆಗೆದು ಎರಡು ನಿಮಿಷ ಬಿಟ್ಟು ಆಮೇಲೆ ಹತ್ತಿ. 26ಕ್ಕೆ ಇಟ್ಟು, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಏಪ್ರಿಲ್ ಬಿಸಿಲಲ್ಲಿ ಎಸಿ ಆಫ್ ಮಾಡಿ ಬೆವರಿಳಿಸಿಕೊಂಡು ನಾಲ್ಕು ಕಿ.ಮೀ. ಉಳಿಸುವುದು ನನ್ನ ಪ್ರಕಾರ ದಂಡ. ಸ್ಪೀಡ್ ಹತ್ತು ಇಳಿಸಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತೆ. ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ ಚೆಕ್ ಮಾಡಿಸಿ. ಮೇಲೆ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ಮನೆಯ ಪಾಯಿಂಟು, ಅರ್ಥಿಂಗ್ ಗುಂಡಿ

ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಕಡಿಮೆ ಇರುವ ಕಾರಿಗೆ ಮನೆಯಲ್ಲಿ ಚಾರ್ಜಿಂಗ್ ಇರಲೇಬೇಕು. ಇಲ್ಲದಿದ್ದರೆ ಕೊಳ್ಳಬೇಡಿ ಅಂತಲೇ ನಾನು ಹೇಳುವುದು. 15 ಆಂಪ್ ಪ್ಲಗ್ಗಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತೆ. ಪೂರ್ತಿ ಖಾಲಿಯಿಂದ ತುಂಬಿಸೋಕೆ ಒಂದು ರಾತ್ರಿ ಸಾಕು. ನಡುವೆ ಒಂದಿಷ್ಟು ಶಾಖವಾಗಿ ಹೋಗುವುದರಿಂದ ಮೀಟರ್‌ನಲ್ಲಿ 24ರ ಬದಲು 27 ಆಗಬಹುದು.

ಈ ಪ್ಲಗ್ಗಿಗೆ ಮೀಟರ್ ಬೋರ್ಡಿನಿಂದ ಬೇರೆಯದೇ ವೈರ್ ಎಳೆಸಿ. ದೂರ ಜಾಸ್ತಿ ಇದ್ದರೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಪ್ರತ್ಯೇಕ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್. ಗೀಸರ್ ಪಾಯಿಂಟಿನಿಂದ ಕಿತ್ತು ಕೊಡುವ ಎಲೆಕ್ಟ್ರಿಷಿಯನ್ ಬಂದರೆ ಕಾಫಿ ಕೊಟ್ಟು ಕಳಿಸಿ. ಗೀಸರ್ ಓಡುವುದು ಕಾಲು ಗಂಟೆ, ಕಾರು ಎಳೆಯುವುದು ಇಡೀ ರಾತ್ರಿ. ಮೊದಲ ಸಲ ಚಾರ್ಜಿಗೆ ಹಾಕಿದಾಗ ಒಂದು ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕೆ ಆಗದಿದ್ದರೆ ಆಫ್ ಮಾಡಿ ಸಾಕೆಟ್ ಬದಲಿಸಿ. ಮನೆಗೆ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ಲಿನಲ್ಲಿ ಇರುತ್ತೆ. ಬರೀ ಕಾರೇ ಮೂರು ಕಿಲೋವಾಟ್ ತೆಗೆದುಕೊಳ್ಳುತ್ತೆ, ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ.

ಬೇಸಿಗೆಯಲ್ಲಿ ನಮ್ಮ ಕಡೆ ಬರುವ ಒಂದು ವಿಚಿತ್ರ ತೊಂದರೆ ಇದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಬೆಳಗ್ಗೆ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ, ಬ್ಯಾಟರಿ ಇದ್ದಲ್ಲೇ. ಚಾರ್ಜರ್ ಕೆಟ್ಟಿತು ಅಂತ ಸರ್ವಿಸ್ ಸೆಂಟರ್‌ಗೆ ಓಡಬೇಡಿ. ಈ ಡಬ್ಬಿ ಮೊದಲು ಅರ್ಥಿಂಗ್ ಸರಿ ಇದೆಯಾ ಅಂತ ನೋಡುತ್ತೆ, ಸರಿ ಇಲ್ಲದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ಹಳೆ ಮನೆಗಳಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಇರುತ್ತಲ್ಲ, ಮಾರ್ಚ್ ಬಂತೆಂದರೆ ಸುತ್ತಲಿನ ಮಣ್ಣು ಒಣಗಿ ಬಿರುಕು ಬಿಡುತ್ತೆ. ಒಣ ಮಣ್ಣಿನಲ್ಲಿ ಕರೆಂಟ್ ಇಳಿಯುವುದು ಕಷ್ಟ. ಅದರ ಪೈಪಿನ ಬಾಯಿಗೆ ಎರಡು ಕೊಡ ನೀರು ಹುಯ್ದು ಒಂದು ಗಂಟೆ ಬಿಡಿ. ಎಷ್ಟೋ ಸಲ ಹಸಿರು ದೀಪ ಬರುತ್ತೆ. ಗಿಡಕ್ಕೆ ನೀರು ಹಾಕುವಾಗ ಗುಂಡಿಗೂ ಒಂದು ಬಕೆಟ್ ಅಂತ ನಮ್ಮ ಯಜಮಾನರು ರೂಢಿ ಮಾಡಿಕೊಂಡಿದ್ದಾರೆ. ನೀರು ಹಾಕಿದರೂ ಕೆಂಪೇ ಉಳಿದರೆ ಎಲೆಕ್ಟ್ರಿಷಿಯನ್ ಕರೆದು ಹೊಸ ಅರ್ಥಿಂಗ್ ಹಾಕಿಸಿ. ಅರ್ಥಿಂಗನ್ನು ತಪ್ಪಿಸುವ ಅಡ್ಡದಾರಿ ಹೇಳಿಕೊಡುವವರೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ, ಜೀವಕ್ಕೆ ಅಪಾಯ.

ಬೆಂಗಳೂರು ದಾರಿ

ಇಲ್ಲಿಂದ ಬೆಂಗಳೂರು ಸುಮಾರು 265 ಕಿ.ಮೀ. ನನ್ನ ಕಾರಿಗೆ ನಡುವೆ ಒಂದು ದೊಡ್ಡ ಚಾರ್ಜ್, ಒಂದು ಚಿಕ್ಕ ಚಾರ್ಜ್ ಬೇಕು. ಬೆಳಗ್ಗೆ ಐದಕ್ಕೆ 100 ತುಂಬಿಸಿಕೊಂಡು ಹೊರಟರೆ ದುರ್ಗಕ್ಕೆ 65, ಹಿರಿಯೂರಿಗೆ 40ರ ಆಸುಪಾಸು. ಇಲ್ಲೇ ಒಂದು ನಿಯಮ ಹೇಳಬೇಕು. ನೀವು ಹೋಗುತ್ತಿರುವ ಚಾರ್ಜರ್ ಕೆಟ್ಟಿದ್ದರೂ ಅದರ ಮುಂದಿನದಕ್ಕೆ ಹೋಗುವಷ್ಟು ಬ್ಯಾಟರಿ ಕೈಯಲ್ಲಿರಬೇಕು. ನಾನು ಸಿರಾ ನಂಬಿ ಹಿರಿಯೂರು ದಾಟುವುದಿಲ್ಲ. ಹಿರಿಯೂರಿನಲ್ಲೇ ನಿಲ್ಲಿಸುತ್ತೇನೆ, ಅಲ್ಲಿ ಆಗದಿದ್ದರೆ ಸಿರಾ ಇದೆ. 40 ಪರ್ಸೆಂಟ್ ಇರುವಾಗ ಕೆಟ್ಟ ಮೆಷಿನ್ ನೋಡಿದರೆ ನಗು ಬರುತ್ತೆ, 12 ಇರುವಾಗ ನೋಡಿದರೆ ಅಳು.

ಕೆಟ್ಟ ಮೆಷಿನ್ ಅಂದೆನಲ್ಲ, ಒಂದು ಬಂಕಿನದು ಚಾರ್ಜಿಂಗ್ ಕಂಪನಿಯ ಆ್ಯಪ್‌ನಲ್ಲಿ ಹಸಿರು ತೋರಿಸುತ್ತಿತ್ತು, ಹೋಗಿ ನೋಡಿದರೆ ಮೆಷಿನ್‌ಗೆ ಗೋಣಿಚೀಲ ಹೊದಿಸಿ ಹಗ್ಗ ಬಿಗಿದಿದ್ದರು. ಆ್ಯಪ್‌ಗೆ ಗೋಣಿಚೀಲ ಕಾಣಿಸುವುದಿಲ್ಲ. ಹಾಗಾಗಿ ಹಸಿರು ಬಣ್ಣಕ್ಕಿಂತ, ಅಲ್ಲಿ ಕೊನೆಯ ಸಲ ಯಾರು ಯಾವಾಗ ಚಾರ್ಜ್ ಮಾಡಿದ್ದಾರೆ ಅನ್ನುವುದನ್ನು ನೋಡಿ. ಇವತ್ತೋ ನಿನ್ನೆಯೋ ಆಗಿದ್ದರೆ ಧೈರ್ಯ. ಬಂಕಿಗೋ ಹೋಟೆಲಿಗೋ ಒಂದು ಫೋನ್ ಮಾಡಿ, ‘ಅಣ್ಣಾ, ಕಾರ್ ಚಾರ್ಜಿಂಗ್ ಮೆಷಿನ್ ಓಡ್ತಾ ಇದೆಯಾ, ಕರೆಂಟ್ ಇದೆಯಾ?’ ಅಂತ ಕೇಳಿ. ಎರಡನೇ ಪ್ರಶ್ನೆ ಮರೆಯಬೇಡಿ, ಎಷ್ಟೋ ಕಡೆ ಬಂಕಿಗೆ ಜನರೇಟರ್ ಇದ್ದರೂ ಚಾರ್ಜರ್‌ಗೆ ಅದನ್ನು ಕೊಟ್ಟಿರುವುದಿಲ್ಲ. ಎರಡು ಮೂರು ಕಂಪನಿಗಳ ಆ್ಯಪ್ ಹಾಕಿಕೊಂಡು, ವಾಲೆಟ್‌ಗೆ ಮನೆಯಿಂದಲೇ ದುಡ್ಡು ತುಂಬಿಸಿಡಿ. ಓಟಿಪಿ ಬರದ ಜಾಗದಲ್ಲಿ ನಿಂತು ಆ್ಯಪ್ ಡೌನ್‌ಲೋಡ್ ಮಾಡುವ ಕಷ್ಟ ಬೇಡ.

ಫಾಸ್ಟ್ ಚಾರ್ಜರ್‌ನಲ್ಲಿ 80ಕ್ಕೆ ಎದ್ದುಬಿಡಿ. ಬಸ್ಸಿನಲ್ಲಿ ಮೊದಲು ಹತ್ತಿದವರು ಬೇಗ ಕೂರುತ್ತಾರೆ, ತುಂಬಿದ ಮೇಲೆ ಒಬ್ಬೊಬ್ಬರನ್ನೂ ನೂಕಿ ಹತ್ತಿಸಬೇಕು, ಬ್ಯಾಟರಿಯೂ ಹಾಗೇ. 80ರ ಮೇಲಿನ ಇಪ್ಪತ್ತಕ್ಕೆ ಹಿಡಿಯುವ ಹೊತ್ತಿನಲ್ಲಿ ತುಮಕೂರಿನ ಕಡೆ ಅರ್ಧ ದಾರಿ ಮುಗಿದಿರುತ್ತೆ. ಮೇ ತಿಂಗಳ ಮಧ್ಯಾಹ್ನ ಬ್ಯಾಟರಿ ಕಾದಿದ್ದರೆ ಕಾರು ತಾನೇ ಚಾರ್ಜಿಂಗ್ ನಿಧಾನ ಮಾಡಿಕೊಳ್ಳುತ್ತೆ, ಅದಕ್ಕೇ ನಾನು ಬೆಳಗಿನ ಜಾವ ಹೊರಡುವುದು. ಹಿರಿಯೂರಿನಿಂದ ಮುಂದೆ ಒಟ್ಟಿನಲ್ಲಿ ಏರೇ ಜಾಸ್ತಿ, ನಾಲ್ಕೈದು ಪರ್ಸೆಂಟ್ ಸೇರಿಸಿಕೊಳ್ಳಿ. ವಾಪಸ್ ಬರುವಾಗ ಅದು ಹೆಚ್ಚುಕಮ್ಮಿ ಮರಳಿ ಸಿಗುತ್ತೆ.

ಒಳದಾರಿ, ನೆಂಟರ ಮನೆ

ಹೈವೇ ಬಿಟ್ಟು ಜಗಳೂರು, ಮೊಳಕಾಲ್ಮೂರು, ಚನ್ನಗಿರಿ ಕಡೆ ಒಳಗೆ ಹೋಗುವಾಗ ಫಾಸ್ಟ್ ಚಾರ್ಜರ್ ಇದ್ದರೆ ಸಂತೋಷ, ಇಲ್ಲ ಅಂತಲೇ ಲೆಕ್ಕ ಹಾಕಿ. ಒಂದೇ ಸಮಾಧಾನ ಅಂದರೆ ಒಳದಾರಿಯಲ್ಲಿ 60ಕ್ಕಿಂತ ಜಾಸ್ತಿ ಹೋಗೋಕೆ ಆಗುವುದಿಲ್ಲ, ಹಾಗಾಗಿ ಪರ್ಸೆಂಟಿಗೆ ಎರಡು ಕಿ.ಮೀ. ಸಿಗುತ್ತೆ. ಹಂಪ್ ಕಂಡ ಕೂಡಲೇ ಕಾಲು ತೆಗೆಯಿರಿ, ಬ್ರೇಕ್ ಒತ್ತುವ ಬದಲು ಮೋಟರೇ ಕಾರನ್ನು ನಿಲ್ಲಿಸುತ್ತಾ ಬ್ಯಾಟರಿಗೆ ಚೂರು ವಾಪಸ್ ಕೊಡುತ್ತೆ. ಬ್ಯಾಟರಿ 100 ಇರುವಾಗ ಮಾತ್ರ ವಾಪಸ್ ತುಂಬಿಸಿಕೊಳ್ಳೋಕೆ ಜಾಗ ಇರುವುದಿಲ್ಲ, ಆಗ ಕಾಲು ತೆಗೆದರೂ ಕಾರು ಅಷ್ಟಾಗಿ ಹಿಡಿಯುವುದಿಲ್ಲ. ಬೆಳಗ್ಗೆ ಮೊದಲ ಹಂಪಿನಲ್ಲಿ ಹುಷಾರು.

ನನ್ನ ತವರು ಹೊಳಲ್ಕೆರೆ ಹತ್ತಿರದ ಹಳ್ಳಿ. ಅಲ್ಲಿ ರಾತ್ರಿ ಉಳಿದರೆ ಸೋದರಮಾವನ ಮನೆಯ ಪಂಪ್‌ಸೆಟ್ ರೂಮಿನ ಪಕ್ಕ 15 ಆಂಪ್ ಪಾಯಿಂಟ್ ಸಿಗುತ್ತೆ. ಮಾವ ಮೊದಲ ಸಲವೇ ಕೇಳಿದ್ದರು, ‘ಏನವ್ವಾ, ಈ ಗಾಡಿ ಇಡೀ ರಾತ್ರಿ ಕರೆಂಟ್ ಕುಡಿದ್ರೆ ನಮಗೆ ಬಿಲ್ ಬರ್ತತಾ?’ ಕೇಳಬೇಕಾದ ಪ್ರಶ್ನೆಯೇ. ಗೃಹಜ್ಯೋತಿ ಇರುವ ಮನೆಗಳಲ್ಲಿ ಅವರ ಹಿಂದಿನ ಸರಾಸರಿಗಿಂತ ಸ್ವಲ್ಪ ಜಾಸ್ತಿ ತನಕ ಮಾತ್ರ ಫ್ರೀ, ಅದರ ಮೇಲೆ ಹೋದದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿತೋ, ಇಡೀ ಬಿಲ್ಲೇ ಬರುತ್ತೆ. ಒಂದು ಫುಲ್ ಚಾರ್ಜ್ ಅಂದರೆ 27 ಯೂನಿಟ್. ಚಿಕ್ಕ ಸಂಸಾರಕ್ಕೆ ಅದು ಹಲವು ದಿನದ ಕರೆಂಟು. ನೆಂಟಸ್ತಿಕೆಯಲ್ಲಿ ಸುಮ್ನೆ ಪ್ಲಗ್ ಚುಚ್ಚಬೇಡಿ. ವಾಪಸ್ ಹೋಗೋಕೆ ಎಷ್ಟು ಬೇಕೋ ಅಷ್ಟು ಮಾತ್ರ ತುಂಬಿಸಿ, ಯೂನಿಟ್ ಲೆಕ್ಕ ಹಾಕಿ ಕೊಟ್ಟುಬಿಡಿ. ಬೇಡ ಅಂದರೆ ಮಕ್ಕಳ ಕೈಗೆ ಕೊಡಿ.

ಹಳ್ಳಿಯಲ್ಲಿ ವೋಲ್ಟೇಜ್ ಬಿದ್ದಾಗ ಚಾರ್ಜ್ ನಿಲ್ಲಬಹುದು. ಚಾರ್ಜರ್‌ನಲ್ಲಿ ಆಂಪ್ ಕಡಿಮೆ ಮಾಡುವ ಬಟನ್ ಇದ್ದರೆ ಇಳಿಸಿ ನೋಡಿ, ನಿಧಾನವಾದರೂ ತುಂಬುತ್ತೆ. ಊರಿನವರು ಉಂಡು ಮಲಗಿದ ಮೇಲೆ ವೋಲ್ಟೇಜ್ ತಾನಾಗಿ ಏರುತ್ತೆ. ಹಬ್ಬದ ಸೀರಿಯಲ್ ಸೆಟ್ ಎಳೆಯುವ ತೆಳು ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ, ಸುತ್ತಿಟ್ಟ ವೈರೇ ಕಾದು ಕರಗುತ್ತೆ.

ಹತ್ತು ಪರ್ಸೆಂಟಿಗೆ ಇಳಿದರೆ

ನಾನು 15ರ ಕೆಳಗೆ ಇಳಿಯುವ ಪ್ಲಾನೇ ಮಾಡುವುದಿಲ್ಲ. ಆದರೂ ಟ್ರಾಫಿಕ್ ಜಾಮ್, ಡೈವರ್ಷನ್ ಅಂತ ಆಗಿಬಿಟ್ಟರೆ ಮೊದಲು ಸ್ಪೀಡ್ 50ಕ್ಕೆ ಇಳಿಸಿ, ಸರ್ವಿಸ್ ರೋಡಿಗೆ ಹೋಗಿ. ಹೈವೇ ಮೇಲೆ ಅಷ್ಟು ನಿಧಾನ ಹೋಗುವುದು ಅಪಾಯ. ಈಗ ಎಸಿ ಆಫ್ ಮಾಡಿದರೆ ಅರ್ಥವಿದೆ. ಲಾರಿ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತೆ ಅಂತ ಕೆಲವರು ಹೇಳುತ್ತಾರೆ, ಲಾರಿ ಬ್ರೇಕ್ ಹಾಕಿದರೆ ನೀವು ಎಲ್ಲಿರುತ್ತೀರಿ ಅಂತ ಅವರು ಹೇಳುವುದಿಲ್ಲ. ಬ್ಯಾಟರಿ ತೀರಾ ಇಳಿದಾಗ ಕಾರು ತಾನೇ ಪಿಕಪ್ ಕಡಿಮೆ ಮಾಡುತ್ತೆ. ಆಗ ಓವರ್‌ಟೇಕ್ ಆಸೆ ಬಿಟ್ಟು, ಬೆಳಕಿರುವ ಬಂಕೋ ಡಾಬಾವೋ ನೋಡಿ ನಿಲ್ಲಿಸಿ, 15 ಆಂಪ್ ಪಾಯಿಂಟ್ ಇದೆಯಾ ಕೇಳಿ. ಎರಡು ಗಂಟೆ ನಿಂತರೆ ಆರು ಯೂನಿಟ್, ಅಂದರೆ ಸುಮಾರು 40 ಕಿ.ಮೀ. ಸಿಗುತ್ತೆ, ಮುಂದಿನ ಊರಿಗೆ ಅದು ಸಾಕು.

ಪೂರ್ತಿ ನಿಂತೇಹೋದರೆ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸಬೇಡಿ. ಸಹಾಯ ಮಾಡೋಕೆ ಬಂದವರು ಮೊದಲು ತರುವುದೇ ಹಗ್ಗ. ಮೋಟರ್ ಇರುವ ಚಕ್ರಗಳು ನೆಲದ ಮೇಲೆ ಉರುಳಿದರೆ ಮೋಟರೂ ತಿರುಗುತ್ತೆ, ಅದಕ್ಕೆ ಏಟು ಬೀಳಬಹುದು. ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಫ್ಲಾಟ್‌ಬೆಡ್ ಗಾಡಿಯೇ ಬರಬೇಕು. ಇನ್ಶೂರೆನ್ಸ್ ಅಥವಾ ಕಂಪನಿಯ ರೋಡ್‌ಸೈಡ್ ನಂಬರ್‌ಗೆ ಫೋನ್ ಮಾಡಿ, ‘ಎಲೆಕ್ಟ್ರಿಕ್ ಗಾಡಿ, ಫ್ಲಾಟ್‌ಬೆಡ್ಡೇ ಕಳಿಸಿ’ ಅಂತ ಎರಡು ಸಲ ಹೇಳಿ. ಆ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಸನ್‌ವೈಸರ್ ಚೀಟಿಯಲ್ಲೂ ಬರೆದಿಡಿ.